ಶಾಲೆ ತೆರೆದ ವಕೀಲರು, ಮಕ್ಕಳನ್ನು ಕಳಿಸಿದ ಹೆತ್ತವರು

ಜೂನ್ ತಿಂಗಳು ಬಂತೆಂದರೆ ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಮಳೆಯ ಮಾತಿನ ಜೊತೆಗೆ ಶಾಲೆಯ ಮಾತೂ ಶುರುವಾಗುತ್ತೆ. ಪೂರಿಗಾಲಿಯೇ ಇರಲಿ, ಬೇರೆ ಯಾವುದೇ ಊರಿರಲಿ, ಯಾರ ಮಗು ಯಾವ ಸ್ಕೂಲಿಗೆ ಅನ್ನೋದು ಅರಳಿಕಟ್ಟೆಯ ಮೇಲಿನ ದೊಡ್ಡ ಚರ್ಚೆ. ಸರ್ಕಾರಿ ಶಾಲೆ ಅಂದ ಮೇಲೆ ಅಲ್ಲೊಂದು ಎಸ್.ಡಿ.ಎಂ.ಸಿ. ಇರುತ್ತೆ. 2001ರಲ್ಲಿ ಕರ್ನಾಟಕ ಸರ್ಕಾರ ಈ ಸಮಿತಿಗಳನ್ನು ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಂದಿ ಓದುವ ಮಕ್ಕಳ ಹೆತ್ತವರೋ ಪೋಷಕರೋ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಕಾಗದದ ಮೇಲೆ ಇದೆಲ್ಲ ಸರಿಯಾಗೇ ಇದೆ. ಸಮಿತಿಯ ಸಭೆಗೆ ಎಷ್ಟು ಜನ ಬರ್ತಾರೆ, ಬಂದವರು ರುಜು ಹಾಕಿ ಕಾಫಿ ಕುಡಿದು ಹೋಗ್ತಾರೋ ಇಲ್ಲಾ ಬಾಯಿ ಬಿಟ್ಟು ಏನಾದರೂ ಕೇಳ್ತಾರೋ, ಅದು ಆಯಾ ಊರಿನವರಿಗೇ ಗೊತ್ತು.

ಕೂಲಿ ಮಾಡುವ ಅಪ್ಪ, ಅವ್ವ ಶಾಲೆಯ ಕುರ್ಚಿಯ ಮೇಲೆ ಕೂತು ಮೇಷ್ಟರನ್ನು ಲೆಕ್ಕ ಕೇಳುವ ಕಾಲ ತಾನಾಗಿ ಬಂದದ್ದಲ್ಲ. ಶಾಲೆಯ ಜಗುಲಿಯನ್ನೂ ಮುಟ್ಟಬಾರದು ಅನ್ನಿಸಿಕೊಂಡಿದ್ದ ತಾಯ್ತಂದೆಗಳು ಮೊದಲ ಸಲ ತಮ್ಮ ಮಕ್ಕಳನ್ನು ಕಳಿಸಿ ಒಂದು ಶಾಲೆ ನಿಲ್ಲುವಂತೆ ಮಾಡಿದ ಕಥೆ ಘಟ್ಟದ ಕೆಳಗಿನ ಮಂಗಳೂರಿನದು. ಆ ಶಾಲೆ ತೆರೆದ ಪುಣ್ಯಾತ್ಮ ಕುದ್ಮುಲ್ ರಂಗರಾವ್. ಅವರು ಹುಟ್ಟಿದ್ದೂ ಇದೇ ಜೂನ್ ತಿಂಗಳಲ್ಲಿ, 1859ರ ಜೂನ್ 29ರಂದು.

ಎಂಟು ರೂಪಾಯಿ ಸಂಬಳ

ರಂಗರಾಯರು ಹುಟ್ಟಿದ್ದು ಕಾಸರಗೋಡಿನಲ್ಲಿ. ಈಗ ಅದು ಕೇರಳಕ್ಕೆ ಸೇರಿದೆ. ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕುದ್ಮುಲ್ ಅನ್ನೋದು ಮನೆತನಕ್ಕೆ ಅಂಟಿಕೊಂಡ ಹೆಸರು. ಜಾತಿಯಲ್ಲಿ ಸಾರಸ್ವತ ಬ್ರಾಹ್ಮಣರು. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಮನೆಯ ಭಾರ ಹುಡುಗನ ಹೆಗಲಿಗೆ ಬಿತ್ತು. ಹೊಟ್ಟೆಪಾಡಿಗೆ ಮಂಗಳೂರು ಸೇರಿ, ತಿಂಗಳಿಗೆ 8 ರೂಪಾಯಿ ಸಂಬಳದ ಮೇಷ್ಟರಾದರು. ಪಾಠ ಹೇಳುತ್ತಲೇ ತಾವೂ ಓದಿ ಮೆಟ್ರಿಕ್ಯುಲೇಷನ್ ಮುಗಿಸಿದರು. ಆಮೇಲೆ ವಕೀಲಿ ಪರೀಕ್ಷೆಯನ್ನೂ ಪಾಸು ಮಾಡಿ ಮಂಗಳೂರಿನ ಕೋರ್ಟಿನಲ್ಲಿ ನಿಂತರು. ಬಡವರ ವಕೀಲ ಅಂತ ಹೆಸರಾಯ್ತು. ಮನಸ್ಸು ಮಾಡಿದ್ದರೆ ತೋಟ, ಬಂಗಲೆ ಮಾಡಿಕೊಂಡು ಹಾಯಾಗಿ ಇರಬಹುದಿತ್ತು.

ಅವರ ತಲೆ ಕೆಡಿಸಿದ್ದು ಬ್ರಹ್ಮಸಮಾಜ. ಮಂಗಳೂರಿನಲ್ಲಿ 1870ರಲ್ಲಿ ಅದರ ಶಾಖೆ ಶುರುವಾಗಿತ್ತು. ಅದಕ್ಕೆ ಮೊದಲು ಕೈಹಾಕಿದವರು ಬಿಲ್ಲವ ಸಮಾಜದ ಅರಸಪ್ಪನವರು. ಕಲ್ಕತ್ತೆಯಿಂದ ಕೇಶವಚಂದ್ರ ಸೇನರ ಕಡೆಯ ಪ್ರಚಾರಕರು ಬಂದರು. ಕಡೆಗೆ ಅದು ಉಳಿದದ್ದು ಉಳ್ಳಾಲ ರಘುನಾಥಯ್ಯನವರಂಥ ಕೆಲವೇ ಸಾರಸ್ವತರ ಕೈಯಲ್ಲಿ. ಆ ಗುಂಪಿಗೆ ರಂಗರಾಯರೂ ಸೇರಿದರು. ಮೂರ್ತಿಪೂಜೆ ಬೇಡ, ಜಾತಿ ಬೇಡ ಎಂದು ಭಾಷಣ ಮಾಡುವವರು ಆಗಲೂ ಸಾಕಷ್ಟಿದ್ದರು. ಭಾಷಣ ಮುಗಿಸಿ ಕೇರಿಯ ಕಡೆ ನಡೆದು ಹೋದವರು ಮಾತ್ರ ಬೆರಳೆಣಿಕೆ.

ಹೀಗೆ ನಡೆದು ಹೋಗುವಂತೆ ಮಾಡಿದ ಒಂದು ಘಟನೆಯನ್ನು ಮಂಗಳೂರಿನಲ್ಲಿ ಇಂದಿಗೂ ಹೇಳ್ತಾರೆ. ಬೆಂದೂರಿನ ಬಾಬು ಎಂಬ ದಲಿತ ಯುವಕ ಹೇಗೋ ನಾಲ್ಕಕ್ಷರ ಕಲಿತು ಕೋರ್ಟಿನಲ್ಲಿ ಒಂದು ಸಣ್ಣ ಕೆಲಸ ಹಿಡಿದಿದ್ದ. ಮೇಲ್ಜಾತಿಯವರಿಗೆ ಇದು ನುಂಗಲಾರದ ತುತ್ತಾಯ್ತು. ಕಿರುಕುಳ ತಡೆಯಲಾರದೆ ಆತ ಕೆಲಸ ಕಳಕೊಂಡ. ವಕೀಲರಾಗಿ ದಿನವೂ ಅದೇ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದ ರಂಗರಾಯರಿಗೆ ಒಂದು ವಿಷಯ ಹೊಳೆಯಿತು. ಒಬ್ಬ ಬಾಬು ಓದಿದರೆ ಅವನನ್ನು ಓಡಿಸಬಹುದು, ನೂರು ಬಾಬುಗಳು ಓದಿದರೆ ಯಾರು ಯಾರನ್ನು ಓಡಿಸುತ್ತಾರೆ?

ಒಂದೇ ಊರು, ಎರಡು ಶಾಲೆ

ಆ ಕಾಲದ ಮಂಗಳೂರಿಗೆ ಶಾಲೆಗಳೇನು ಕಡಿಮೆ ಇರಲಿಲ್ಲ. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲೇ ಬಂದು ಶಾಲೆ, ಅಚ್ಚುಕೂಟ ಎಲ್ಲ ಮಾಡಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಬಂತು. 1891ರಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಕಟ್ಟಿದರು. ಮುಂದೆ 1906ರಲ್ಲಿ ಕೆನರಾ ಬ್ಯಾಂಕು ಸ್ಥಾಪಿಸಿದವರೂ ಇವರೇ. ಊರಿನ ಓದಿದ ತಂದೆಯರು ತಮ್ಮ ಮಕ್ಕಳಿಗೆ ತಮ್ಮದೇ ಒಂದು ಶಾಲೆ ಬೇಕು ಅಂತ ಜೊತೆಯಾದರು, ಶಾಲೆ ಎದ್ದು ನಿಂತಿತು. 1894ರಲ್ಲಿ ಹೆಣ್ಣುಮಕ್ಕಳಿಗೂ ಒಂದು ಶಾಲೆಯಾಯ್ತು. ದೊಡ್ಡ ಕೆಲಸವೇ, ಅನುಮಾನವಿಲ್ಲ. ಹಣವಿದ್ದವರು, ಕಾನೂನು ಬಲ್ಲವರು, ಕಲೆಕ್ಟರ್ ಸಾಹೇಬರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವವರು ಒಟ್ಟಾದರೆ ಶಾಲೆ ಕಟ್ಟುವುದು ಕಷ್ಟವಾದರೂ ಆಗದ ಕೆಲಸವೇನಲ್ಲ.

ಹೈಸ್ಕೂಲು ತೆರೆದ ಮರುವರ್ಷ, 1892ರಲ್ಲಿ, ಇನ್ನೊಬ್ಬ ವಕೀಲರು ಉರ್ವದ ಚಿಲಿಂಬಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಶಾಲೆ ತೆರೆದರು. ಇಲ್ಲಿ ಹಣವಿದ್ದ ತಂದೆಯರಿರಲಿಲ್ಲ. ಸರ್ಕಾರದ ಕಾಗದಗಳಲ್ಲಿ ಪಂಚಮರು ಅಂತ ಬರೆಯುತ್ತಿದ್ದ, ಊರ ಬಾಯಲ್ಲಿ ಇನ್ನೂ ಏನೇನೋ ಅನ್ನಿಸಿಕೊಳ್ಳುತ್ತಿದ್ದ ದಲಿತ ಜನರ ಶಾಲೆ ಅದು. ಮಾಡಿದವರು ರಂಗರಾಯರು. ಅವರಿಗಾಗ 33 ವರ್ಷ.

ಬಾಡಿಗೆ ಕಟ್ಟಿ ಬಾಗಿಲು ತೆಗೆದರೆ ಶಾಲೆಯಾಗಿಬಿಡುತ್ತದೆಯೇ? ಮಕ್ಕಳು ಬರಬೇಕಲ್ಲ. ಬರಲಿಲ್ಲ!

ಯಾಕೆ ಬರಲಿಲ್ಲ ಅನ್ನೋದು ಮಂಡ್ಯ ಸೀಮೆಯ ಹಳೇ ತಲೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೀತ ಅಂದರೇನು ಅಂತ ಕಂಡವರು ಇಲ್ಲೂ ಇದ್ದರು. ದಕ್ಷಿಣ ಕನ್ನಡದಲ್ಲಿ ದಲಿತ ಕುಟುಂಬಗಳು ಒಡೆಯನ ಭೂಮಿಗೆ ಅಂಟಿಕೊಂಡಿದ್ದ ಮೂಲದಾಳುಗಳು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದು ಹಾಕಿತ್ತು, ನಿಜ. ಕಾಯ್ದೆ ಬಂದಷ್ಟು ಬೇಗ ಸಾಲವೂ ಹೆದರಿಕೆಯೂ ಹೋಗಲಿಲ್ಲ. ಜೀತ ಪದ್ಧತಿ ರದ್ದು ಮಾಡೋಕೆ 1976ರಲ್ಲಿ ಮತ್ತೊಂದು ಕಾಯ್ದೆ ಬರಬೇಕಾಯ್ತು ಅಂದ ಮೇಲೆ 1892ರ ಮಾತು ಏನು ಹೇಳೋದು. ಅಪ್ಪ ಗದ್ದೆಗೆ, ಅವ್ವ ನಾಟಿಗೆ, ಮಗ ಒಡೆಯನ ದನ ಕಾಯೋಕೆ, ಮಗಳು ತಂಗಿಯನ್ನು ಎತ್ತಿಕೊಳ್ಳೋಕೆ. ಆರು ವರ್ಷದ ಹುಡುಗನ ದುಡಿಮೆಯೂ ರಾತ್ರಿಯ ಗಂಜಿಯ ಲೆಕ್ಕಕ್ಕೆ ಸೇರಿತ್ತು. ಅವನನ್ನು ಶಾಲೆಗೆ ಕಳಿಸಿದರೆ ಗಂಜಿ ಕಡಿಮೆ. ಒಡೆಯನಿಗೆ ಸಿಟ್ಟು ಬಂದರೆ ಇರುವ ಗುಡಿಸಲೂ ಇಲ್ಲ. ಮಗು ಅಕ್ಷರ ಕಲಿತು ಏನಾಗಬೇಕು ಅಂತ ಕೇಳಿದ ತಾಯಿಗೆ ಕೊಡೋಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಓದಿದ ಬಾಬುವಿನ ಗತಿ ಏನಾಯ್ತು ಅನ್ನೋದನ್ನು ಎಲ್ಲರೂ ನೋಡಿದ್ದರು!

ಇಲ್ಲಿಯೇ ರಂಗರಾಯರು ಬೇರೆಯವರಿಗಿಂತ ಬೇರೆ. ಜನಕ್ಕೆ ಬುದ್ಧಿಯಿಲ್ಲ, ಓದಿನ ಬೆಲೆ ಗೊತ್ತಿಲ್ಲ ಅಂತ ಬೈದು ಮನೆಗೆ ಹೋಗಲಿಲ್ಲ. ಹೆತ್ತವರ ಲೆಕ್ಕ ಸರಿಯಾಗಿಯೇ ಇದೆ ಅಂತ ಒಪ್ಪಿಕೊಂಡರು. ಮಗು ಶಾಲೆಗೆ ಬಂದರೆ ಮನೆಗೆ ಆಗುವ ನಷ್ಟವನ್ನು ಶಾಲೆಯೇ ತುಂಬಿಕೊಡಬೇಕು ಅಂತ ತೀರ್ಮಾನಿಸಿದರು. ಮಗುವನ್ನು ಕಳಿಸಿದ ತಾಯ್ತಂದೆಗೆ ದಿನಕ್ಕೆ 2 ಪೈಸೆ. ಮಗುವಿಗೆ ಮಧ್ಯಾಹ್ನ ಶಾಲೆಯಲ್ಲೇ ಊಟ.

ಇದು ಲಂಚ ಕೊಟ್ಟು ಮಕ್ಕಳನ್ನು ಕರೆದ ಹಾಗಲ್ಲವೆ ಅನ್ನುವವರು ಇರಬಹುದು. ಹೊಟ್ಟೆ ತುಂಬಿದವರು ಹೀಗೆ ಕೇಳೋದು ಸುಲಭ. ಆ 2 ಪೈಸೆ ಕೈಗೆ ಬಂದ ಮೇಲೂ ಒಡೆಯನ ಕಣ್ಣು ಕೆಂಪಾಗೋದೇನೂ ತಪ್ಪಲಿಲ್ಲ. ಅದನ್ನು ಎದುರಿಸುವುದು ಹೆತ್ತವರ ಪಾಲಿಗೇ ಬಿಟ್ಟಿದ್ದು. ಒಂದು ಮನೆಯವರು ಕಳಿಸಿದರೆ ಅದು ಉದ್ಧಟತನ, ಹತ್ತು ಮನೆಯವರು ಒಟ್ಟಿಗೆ ಕಳಿಸಿದರೆ ಅದು ಶಾಲೆ. ಕೇರಿಯ ಹೆತ್ತವರು ಒಬ್ಬರ ಮುಖ ಒಬ್ಬರು ನೋಡಿ, ಅವನು ಕಳಿಸಿದ ನಾನೂ ಕಳಿಸ್ತೀನಿ ಅನ್ನುವ ಹಂತಕ್ಕೆ ಬಂದಾಗಲೇ ರಂಗರಾಯರ ಶಾಲೆ ನಿಜವಾಗಿ ಸ್ಥಾಪನೆಯಾದದ್ದು. ಬಾಡಿಗೆ ಚೀಟಿಯ ತಾರೀಖು ಬರೀ ದಾಖಲೆಗೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಶುರುವಾದದ್ದು 2002ರಲ್ಲಿ, ಅದೂ ಮೊದಲು ಉತ್ತರದ ಜಿಲ್ಲೆಗಳಲ್ಲಿ. ಮಂಡ್ಯದ ಕಡೆಗೆ ಬಂದದ್ದು ಅದರ ಮುಂದಿನ ವರ್ಷ. ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶ ಮಾಡಿದ ಮೇಲೆ! ಮಂಗಳೂರಿನ ವಕೀಲರೊಬ್ಬರು ಯಾವ ಕೋರ್ಟಿನ ಆದೇಶವೂ ಇಲ್ಲದೆ ನೂರು ವರ್ಷ ಮುಂಚೆಯೇ ಇದನ್ನು ಮಾಡಿ ತೋರಿಸಿದ್ದರು.

ಮೇಷ್ಟರು ಸಿಗದ ಶಾಲೆ

ಮಕ್ಕಳು ಬಂದರು, ಮೇಷ್ಟರೆಲ್ಲಿ? ಮೇಲ್ಜಾತಿಯ ಯಾವ ಉಪಾಧ್ಯಾಯರೂ ಆ ಮಕ್ಕಳ ಮುಂದೆ ನಿಲ್ಲಲು ತಯಾರಿರಲಿಲ್ಲ. ದಲಿತರಲ್ಲಿ ಓದಿದವರೇ ಇಲ್ಲ, ಇನ್ನು ಮೇಷ್ಟರು ಎಲ್ಲಿಂದ ಬರಬೇಕು. ಕಡೆಗೆ ಕ್ರೈಸ್ತ ಉಪಾಧ್ಯಾಯರನ್ನು ಹುಡುಕಿ ತಂದರು. ಮನೆ ಬಾಡಿಗೆಗೆ ಕೊಟ್ಟವರ ಮೇಲೆ ಅಕ್ಕಪಕ್ಕದವರ ಒತ್ತಡ ಬೇರೆ. ಶಾಲೆ ಚಿಲಿಂಬಿಯಲ್ಲಿ ನಿಲ್ಲಲಿಲ್ಲ. ಒಂದು ಜಾಗ ಬಿಡಿಸಿದರೆ ಇನ್ನೊಂದು ಜಾಗ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಮನೆಯಿಂದ ಮನೆಗೆ ತಿರುಗೋ ಹಾಗೆ ರಂಗರಾಯರು ಶಾಲೆಯನ್ನು ಹೊತ್ತು ತಿರುಗಿದರು. ಕೊನೆಗೆ ಶೇಡಿಗುಡ್ಡೆಯಲ್ಲಿ ಅದಕ್ಕೆ ಗಟ್ಟಿ ನೆಲೆ ಸಿಕ್ಕಿತು.

ಸ್ವಂತ ಜಾತಿಯವರು ಸುಮ್ಮನಿದ್ದರೇ? ಬಹಿಷ್ಕಾರ ಹಾಕಿದರು. ನೆಂಟರು ದೂರವಾದರು. ಕ್ಷೌರಿಕ ಬರಲಿಲ್ಲ, ಅಗಸ ಬಟ್ಟೆ ಮುಟ್ಟಲಿಲ್ಲ. ದಾರಿಯಲ್ಲಿ ಕಲ್ಲು ಬಿದ್ದದ್ದೂ ಉಂಟು. ಗೌರವಸ್ಥ ವಕೀಲರಾಗಿದ್ದವರು ಊರಿನಲ್ಲಿದ್ದೂ ಪರಸ್ಥಳದವರ ಹಾಗಾದರು. ವಿಚಿತ್ರವೆಂದರೆ, ಬ್ರಾಹ್ಮಣ ವಕೀಲನಿಗೆ ಹಾಕಿದ ಬಹಿಷ್ಕಾರದ ಕಥೆಯನ್ನು ಎಲ್ಲರೂ ಮರುಕದಿಂದ ಹೇಳುತ್ತಾರೆ. ಅದೇ ಶಾಲೆಗೆ ಮಕ್ಕಳನ್ನು ಕಳಿಸಿ ಒಡೆಯರ ಬೈಗುಳ ತಿಂದ ಹೆತ್ತವರ ಹೆಸರು ಒಂದು ಪುಸ್ತಕದಲ್ಲೂ ಮುಂದಿನ ಪುಟಕ್ಕೆ ಬರುವುದಿಲ್ಲ.

1897ರಲ್ಲಿ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂಧೆ ಅವರು ಮುಂಬಯಿಯಲ್ಲಿ ಇದೇ ಹೆಸರಿನ ದೊಡ್ಡ ಸಂಸ್ಥೆ ಸ್ಥಾಪಿಸಿದ್ದು 1906ರಲ್ಲಿ. ಅಂದರೆ ಮಂಗಳೂರು 9 ವರ್ಷ ಮುಂದಿತ್ತು. ಒಂದಿದ್ದ ಶಾಲೆ ಹಲವಾಯ್ತು. ಅತ್ತಾವರ, ಬೋಳೂರು, ಮೂಲ್ಕಿ, ಉಡುಪಿ ಹೀಗೆ ಹಬ್ಬಿತು. ದೂರದ ಮಕ್ಕಳಿಗೆ ಹಾಸ್ಟೆಲ್ ಆಯ್ತು. ಓದಿನ ಜೊತೆ ನೇಯ್ಗೆ, ಬಡಗಿ ಕೆಲಸ, ತೋಟದ ಕೆಲಸ ಕಲಿಸಿದರು. ಓದಿ ಕೆಲಸ ಸಿಗದಿದ್ದರೂ ಕೈಯಲ್ಲಿ ಒಂದು ಕಸುಬು ಇರಲಿ, ಒಡೆಯನ ಹತ್ತಿರ ಹೋಗಿ ಕೈಕಟ್ಟಿ ನಿಲ್ಲೋದು ತಪ್ಪಲಿ ಅನ್ನುವ ಯೋಚನೆ. ಸರ್ಕಾರದಿಂದ ಜಾಗ ಕೇಳಿ ಪಡೆದು ದಲಿತ ಕುಟುಂಬಗಳಿಗೆ ಮನೆ ಮಾಡಿಕೊಡಲು ಹೊರಟದ್ದೂ ಇದೇ ಕಾರಣಕ್ಕೆ. ಗುಡಿಸಲು ಒಡೆಯನ ನೆಲದಲ್ಲಿ ಇರುವ ತನಕ ಮಗು ಶಾಲೆಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸುವವನು ಒಡೆಯನೇ. ಸ್ವಂತ ನೆಲದ ಮೇಲೆ ನಿಂತ ಅಪ್ಪ ಮಾತ್ರ ತನ್ನ ಮಗನ ವಿಷಯದಲ್ಲಿ ತಾನೇ ಮಾತಾಡಬಲ್ಲ. ಈ ಒಂದು ಸೂಕ್ಷ್ಮ ಆಗಿನ ಎಷ್ಟೋ ದೊಡ್ಡ ಸುಧಾರಕರಿಗೂ ಹೊಳೆದಿರಲಿಲ್ಲ.

ಕಾಲವೂ ಸ್ವಲ್ಪ ಅನುಕೂಲ ಮಾಡಿಕೊಟ್ಟಿತು ಅನ್ನಬೇಕು. 1893ರಲ್ಲಿ ಮದರಾಸು ಸರ್ಕಾರ ಪಂಚಮರ ಶಾಲೆಗಳಿಗೆ ಉತ್ತೇಜನ ಕೊಡುವ ಆದೇಶ ಹೊರಡಿಸಿತು. ಆಮೇಲೆ ರಂಗರಾಯರ ಕೆಲಸ ನೋಡಿ ರಾವ್ ಸಾಹೇಬ್ ಬಿರುದನ್ನೂ ಕೊಟ್ಟಿತು. ಶಾಲೆ ನೋಡಲು ದೊಡ್ಡದೊಡ್ಡವರು ಬಂದರು. ಗೋಖಲೆಯವರ ಭಾರತ ಸೇವಕ ಸಮಾಜದವರು ಬೆನ್ನಿಗೆ ನಿಂತರು. ಆದರೂ ಹಣದ ತಾಪತ್ರಯ ಮುಗಿಯಲಿಲ್ಲ. ಒಬ್ಬ ಮನುಷ್ಯನ ಜೇಬನ್ನು, ಅವನ ಭಿಕ್ಷಾಪಾತ್ರೆಯನ್ನು ನಂಬಿ ನಡೆಯುವ ಶಾಲೆ ಎಷ್ಟು ದಿನ? ಇದು ಆ ಸಂಸ್ಥೆಯ ದೊಡ್ಡ ಕೊರತೆಯಾಗಿತ್ತು. ಮೈಯಲ್ಲಿ ಕಸುವು ಕಡಿಮೆಯಾದಾಗ ರಂಗರಾಯರು ಸಂಸ್ಥೆಯ ಹೊಣೆಯನ್ನು ಅದೇ ಭಾರತ ಸೇವಕ ಸಮಾಜಕ್ಕೆ ವಹಿಸಿದರು.

ಇತ್ತ ಮೈಸೂರು ಸಂಸ್ಥಾನದಲ್ಲಿ ಏನಾಗಿತ್ತು? ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದು ಹುಟ್ಟಿದ್ದು 1939ರಲ್ಲಿ. ಮಳವಳ್ಳಿ, ಮದ್ದೂರು ಕಡೆಯೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ನಾಲ್ವಡಿಯವರ ಆಳ್ವಿಕೆಯಲ್ಲಿ, ಸಿ.ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲಕ್ಕೆ, ಅಂದರೆ 1910ರ ದಶಕದ ಕೊನೆಗೆ, ಸರ್ಕಾರಿ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕು ಅಂತ ಗಟ್ಟಿಯಾಗಿ ಹೇಳಲಾಯಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರ ಓದು, ನೌಕರಿಯ ಪ್ರಶ್ನೆ ಎತ್ತಿಕೊಂಡಿತು. ಆದೇಶ ಅರಮನೆಯಿಂದ ಹೊರಟರೂ ಹಳ್ಳಿಯ ಶಾಲೆಯ ಹೊಸ್ತಿಲು ದಾಟಲು ಬಹಳ ವರ್ಷ ಹಿಡಿಯಿತು. ಮಂಗಳೂರಿನಲ್ಲಿ ಅದೇ ಹೊಸ್ತಿಲನ್ನು ದಾಟಿಸೋಕೆ ರಂಗರಾಯರು ಕೇರಿಯಿಂದಲೇ ಹೊರಟಿದ್ದರು.

ಮನೆಯೊಳಗಿನ ಪರೀಕ್ಷೆ

ಊರಿಗೆ ಉಪದೇಶ ಮಾಡಿ ಮನೆಯಲ್ಲಿ ಹಳೇ ಪದ್ಧತಿ ಇಟ್ಟುಕೊಂಡ ಸುಧಾರಕರು ನಮ್ಮಲ್ಲಿ ದಂಡಿಯಾಗಿದ್ದಾರೆ. ರಂಗರಾಯರು ಆ ಪೈಕಿ ಅಲ್ಲ. 1891ರಲ್ಲಿ ಹುಟ್ಟಿದ ಮಗಳು ರಾಧಾಬಾಯಿಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿಸಿದರು. ಆಕೆ ಮುಂದೆ ಆಕ್ಸ್‌ಫರ್ಡಿನಲ್ಲೂ ಓದಿದರು. 1912ರಲ್ಲಿ ಆಕೆಯ ಮದುವೆಯಾದದ್ದು ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರ ಜೊತೆ. ಜಾತಿ ಬೇರೆ, ಭಾಷೆ ಬೇರೆ. ಮಂಗಳೂರಿನ ಬಂಧುಗಳು ಇನ್ನೊಮ್ಮೆ ಮೂಗು ಮುರಿಯಲು ಇಷ್ಟು ಸಾಕಾಗಿತ್ತು. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡು ಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಆಕೆಯ ಮಕ್ಕಳಲ್ಲಿ ಒಬ್ಬರು ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ, ಇನ್ನೊಬ್ಬರು ಕೇಂದ್ರ ಮಂತ್ರಿಯಾಗಿದ್ದ ಮೋಹನ್ ಕುಮಾರಮಂಗಲಂ, ಮಗಳು ಲೋಕಸಭೆಯಲ್ಲಿ ಕಮ್ಯುನಿಸ್ಟರ ದನಿಯಾಗಿದ್ದ ಪಾರ್ವತಿ ಕೃಷ್ಣನ್. ಎಂಟು ರೂಪಾಯಿ ಸಂಬಳದ ಮೇಷ್ಟರ ಮೊಮ್ಮಕ್ಕಳು!

ಹೆಣ್ಣುಮಗಳನ್ನು ಯಾಕೆ ಓದಿಸ್ತೀರಿ ಅಂತ ರಂಗರಾಯರನ್ನು ಕೇಳಿದವರಿದ್ದರೆ ಅದು ಕೇರಿಯ ಹೆತ್ತವರನ್ನು ಕೇಳಿದ ಪ್ರಶ್ನೆಯೇ. ತಂದೆಯಾಗಿ ಅವರೂ ಅದೇ ಸಾಲಿನಲ್ಲಿ ನಿಂತಿದ್ದರು.

ಕಾರಿನ ಧೂಳು

ರಂಗರಾಯರಿಗೆ ಒಂದು ಆಸೆಯಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡದಾಗಿ, ಸರ್ಕಾರಿ ಹುದ್ದೆ ಹಿಡಿದು, ತಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು. ಆ ಕಾರಿನ ಚಕ್ರದಿಂದ ಎದ್ದ ಧೂಳು ತಮ್ಮ ತಲೆಗೆ ತಾಗಬೇಕು. ಹಾಗಾದರೆ ತಮ್ಮ ಜನ್ಮ ಸಾರ್ಥಕ ಅನ್ನುವುದು ಅವರ ಲೆಕ್ಕ. ಒಂದು ಕಾಲಕ್ಕೆ ಯಾರ ನೆರಳು ಬಿದ್ದರೆ ಸ್ನಾನ ಮಾಡುತ್ತಿದ್ದರೋ ಅವರ ಕಾರಿನ ಧೂಳಿಗೆ ತಲೆಯೊಡ್ಡುವ ಆಸೆ! ಮಂಗಳೂರಿನಲ್ಲಿರುವ ಅವರ ಸಮಾಧಿಯ ಮೇಲೆ ಈ ಮಾತನ್ನು ಕೆತ್ತಿಸಿದ್ದಾರೆ.

ಮಗ ಅಥವಾ ಮಗಳು ಕಾರಿನಲ್ಲಿ ಬರಲಿ ಅನ್ನೋದು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಗುವಿನ ಬ್ಯಾಗು ಹಿಡಿದು ನಿಂತ ಪ್ರತಿ ತಂದೆಗೂ ಇರುವ ಆಸೆ. ಪರರ ಮಕ್ಕಳ ಮೇಲೆ ಅಂಥ ಆಸೆ ಇಟ್ಟುಕೊಂಡವರು ಅಪರೂಪ.

1927ರಲ್ಲಿ ಅವರು ಸನ್ಯಾಸ ತೆಗೆದುಕೊಂಡರು. ಹೆಸರು ಈಶ್ವರಾನಂದ ಸ್ವಾಮಿ ಅಂತಾಯ್ತು. ಕಾವಿ ಉಟ್ಟರೂ ಮಠ ಕಟ್ಟಲಿಲ್ಲ, ಪಾದಪೂಜೆ ಮಾಡಿಸಿಕೊಳ್ಳಲಿಲ್ಲ. ಮರುವರ್ಷವೇ, 1928ರ ಜನವರಿ 30ರಂದು, ತೀರಿಕೊಂಡರು. 68 ವರ್ಷವಾಗಿತ್ತು. ತಮ್ಮ ಹೆಣಕ್ಕೆ ಸ್ವಜಾತಿಯವರು ಹೆಗಲು ಕೊಡಬೇಕಾಗಿಲ್ಲ, ದಲಿತರೇ ಹೊರಲಿ ಅಂತ ಮೊದಲೇ ಹೇಳಿಟ್ಟಿದ್ದರು. ಹಾಗೇ ಆಯ್ತು. ಶಾಲೆಗೆ ಮಕ್ಕಳನ್ನು ಕಳಿಸಿದ ಕೇರಿಗಳ ಜನವೇ ಚಟ್ಟ ಹೊತ್ತರು.

1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ಮೇಲೆ ಗಾಂಧೀಜಿ ಮಂಗಳೂರಿಗೆ ಬಂದರು. ಅಸ್ಪೃಶ್ಯತೆಯ ಕೆಲಸದಲ್ಲಿ ರಂಗರಾಯರನ್ನು ಅವರು ತಮ್ಮ ಗುರುವೆಂದು ನೆನೆದರು ಅನ್ನೋದು ಊರಿನವರು ಹೆಮ್ಮೆಯಿಂದ ಹೇಳಿಕೊಂಡು ಬಂದ ಮಾತು. ಅಷ್ಟು ಹೊತ್ತಿಗೆ ಚಿಲಿಂಬಿಯ ಬಾಡಿಗೆ ಮನೆಯಲ್ಲಿ ಮೊದಲು ಸ್ಲೇಟು ಹಿಡಿದ ಮಕ್ಕಳು ತಾವೇ ಅಪ್ಪ, ಅವ್ವಂದಿರಾಗುವ ವಯಸ್ಸು ದಾಟಿದ್ದರು. ಅವರ ಮಕ್ಕಳನ್ನು ಶಾಲೆಗೆ ಕರೆಯೋಕೆ ಯಾರೂ 2 ಪೈಸೆ ಹಿಡಿದು ಮನೆ ಬಾಗಿಲಿಗೆ ಬರಬೇಕಾಗಿರಲಿಲ್ಲ.

ಮಂಗಳೂರಿನ ಪುರಭವನಕ್ಕೆ ಈಗ ಕುದ್ಮುಲ್ ರಂಗರಾವ್ ಅವರ ಹೆಸರಿಟ್ಟಿದ್ದಾರೆ. ಮಳವಳ್ಳಿ ಕಡೆಯಿಂದ ಯಾರಾದರೂ ಆ ಊರಿಗೆ ಹೋದರೆ ನೆಹರೂ ಮೈದಾನದ ಪಕ್ಕದಲ್ಲೇ ಆ ಕಟ್ಟಡ ಕಣ್ಣಿಗೆ ಬೀಳುತ್ತೆ.